ನಾಲ್ಕನೆಯ ಕೈಪಟ್ಟಿ

ನಮ್ಮ ಮನೆಯಲ್ಲಿ ಯಾರೂ ಏನನ್ನೂ ಒಬ್ಬರೇ ತಿಂದ ಇತಿಹಾಸವಿಲ್ಲ. ಒಂದೇ ಒಂದು ಮಾವಿನಹಣ್ಣು ಬಂದರೂ ನಮ್ಮ ಅತ್ತೆ ನೀಲವ್ವ ಅದನ್ನು ಹೋಳು ಮಾಡಿ ಎಲ್ಲರ ಕೈಗೂ ಇಟ್ಟು, ಗೊರಟೆಯನ್ನು ತಾವು ಚೀಪುತ್ತ ಕೂಡುತ್ತಾರೆ. ಹೀಗಿರುವಾಗ ಕ್ಯಾನ್ಸರ್ ಮಾತ್ರ ನನ್ನೊಬ್ಬಳಿಗೇ ಬಂದದ್ದು ಮನೆಮಂದಿಗೆಲ್ಲ ದೊಡ್ಡ ಅನ್ಯಾಯವಾಗಿ ಕಂಡಿತು.

ನಾನು ವಿಶಾಲಾಕ್ಷಿ. ಗದಗಿನ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ಮಕ್ಕಳು ಎದುರಿಗೆ ‘ಅಕ್ಕೋರ’ ಅನ್ನುತ್ತಾರೆ, ಬೆನ್ನ ಹಿಂದೆ ‘ಸೀಟಿ ಅಕ್ಕೋರು’. ಮೊಣಕಾಲು ತರಚಿಕೊಂಡು ಅಳುತ್ತ ಬಂದವರಿಗೆ “ನೋವಂತ ನೋವು! ಏಳು, ಓಡು” ಎಂದು ಗದರಿಸಿ ಓಡಿಸುವುದು ನನ್ನ ಅಭ್ಯಾಸ. ನಾನು ಬೆಳೆದದ್ದೂ ಹಾಗೆಯೇ. ಹೆರಿಗೆಯಲ್ಲೂ ನಾನು ‘ಅಯ್ಯೋ’ ಅನ್ನಲಿಲ್ಲ, ಬೇಕಾದರೆ ನಮ್ಮ ಅತ್ತೆಯನ್ನು ಕೇಳಿ. ಕೊರಳಿನ ಸೀಟಿಯ ದಾರವನ್ನು ಸರಿಮಾಡಿಕೊಳ್ಳುವಾಗಲೇ ಒಂದು ದಿನ ಎಡ ಎದೆಯಲ್ಲಿ ಗಂಟು ಕೈಗೆ ಹತ್ತಿತು.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಆಪರೇಶನ್ ಆಯಿತು. ಇನ್ನು ಆರು ಸಲ ಕೀಮೋ ಕೊಡಬೇಕು ಎಂದು ಡಾಕ್ಟರ್ ಇಟಗಿಯವರು ಹೇಳಿ, ನಮ್ಮನ್ನೆಲ್ಲ ಕೆಳಗಿನ ಅಂತಸ್ತಿನ ಒಂದು ಕೋಣೆಗೆ ಕಳಿಸಿದರು. ಬಾಗಿಲ ಮೇಲೆ ‘ಹಂಚಿಕೆ ಕೋಣೆ’ ಎಂದು ಬರೆದಿತ್ತು. ಒಳಗೆ ಗೋಡೆಯುದ್ದಕ್ಕೂ ಪರದೆಗಳು, ಪರದೆಯ ತುಂಬ ಹರಿಯುವ ಬಣ್ಣದ ಗೆರೆಗಳು. ಅವುಗಳ ಮುಂದೆ ನುಸ್ರತ್ ಎಂಬ ಹುಡುಗಿ ಕುಳಿತಿದ್ದಳು. ಈ ಯಂತ್ರ ನಡೆಸುವವಳು ಅವಳೇ. ಹುಬ್ಬಳ್ಳಿಯ ಪಕ್ಕಾ ಮಾತು.

“ನೋಡ್ರಿ ಅಕ್ಕೋರ, ಔಷಧ ಹೊಟ್ಟಿ ಒಳಗ ಗಲಾಟಿ ಮಾಡತೈತಿ. ಹೊಟ್ಟಿ ಆ ಸುದ್ದಿ ನರದ ಗುಂಟ ಮಿದುಳಿಗೆ ಕಳಸತೈತಿ. ನಿಮ್ಮ ಕುತ್ತಿಗಿ ಹಿಂದ ಒಂದು ಸಣ್ಣ ಬಿಲ್ಲೆ ಕೂಡಸ್ತೀವಿ. ಅದು ಸುದ್ದೀನ ದಾರಿಯೊಳಗ ಹಿಡದು, ಈ ಕೈಪಟ್ಟಿ ಹಾಕ್ಕೊಂಡವರಿಗೆ ಹಂಚತೈತಿ. ವಾಂತಿ, ಸುಸ್ತು, ನೋವು, ಚಳಿ, ಜುಮುಜುಮು, ಎಲ್ಲಾ.”

“ಹಿಡದಿದ್ದನ್ನ ಹಂಗ ಒಗದು ಬಿಡ್ರಲ್ಲ. ಇನ್ನೊಬ್ಬರ ಕೊರಳಿಗೆ ಯಾಕ ಕಟ್ಟತೀರಿ?” ಎಂದೆ.

“ಮೊದಲು ಹಂಗ ಮಾಡಿ ನೋಡ್ಯಾರ್ರೀ. ಉತ್ತರ ಬರಲಿಲ್ಲಂದ್ರ ಹೊಟ್ಟಿ ಇನ್ನೂ ಜೋರು ಕೂಗತೈತಿ. ಬಾಗಲಾ ಬಡಿಯೋರಿಗೆ ಒಳಗಿಂದ ಯಾರಾದ್ರೂ ‘ಓ’ ಅನಬೇಕಲ್ರೀ? ಯಾರದೋ ಒಂದು ಜೀವಂತ ಮಿದುಳು ‘ಗೊತ್ತಾತಪಾ’ ಅಂದ್ರಷ್ಟ ಅದು ಸುಮ್ಮನಾಗೂದು.”

ಅಂದರೆ ಸಂಕಟವನ್ನು ಯಾರಾದರೂ ಉಣ್ಣಲೇಬೇಕು. ಯಾರು ಎಷ್ಟು ಎಂಬುದನ್ನಷ್ಟೇ ನಾವು ತೀರ್ಮಾನಿಸಬಹುದು. ಯಂತ್ರವು ನನ್ನ ಸಂಕಟವನ್ನೆಲ್ಲ ಎತ್ತಿಕೊಂಡು ನಾಲ್ಕು ಸಮಪಾಲು ಮಾಡುತ್ತದೆ. ಮೂರು ಪಟ್ಟಿ ಮನೆಮಂದಿಗೆ, ನಾಲ್ಕನೆಯದು ನನ್ನ ಕೈಗೆ. ಆ ನಾಲ್ಕನೆಯದು ಕೈಯಲ್ಲಿ ಇಲ್ಲದಿದ್ದರೆ ನನಗೆ ಏನೂ ತಿಳಿಯುವುದಿಲ್ಲ.

ಡಾಕ್ಟರ್ ಬೆರಳೆತ್ತಿ ಹೇಳಿದರು: “ನಿಮ್ಮ ಮೈಯಾಗ ಏನ್ ನಡದೈತಿ ಅನ್ನೂದು ನಿಮಗ ಒಂದಷ್ಟಾದರೂ ತಿಳೀಬೇಕು. ಇದನ್ನ ಬ್ಯಾರೆ ಯಾರ ಕೈಗೂ ಹಾಕಬ್ಯಾಡ್ರಿ.” ಸಾಲಾಗಿ ನಿಲ್ಲಿ ಎಂದರೆ ನಮ್ಮ ಮಕ್ಕಳು ಹೇಗೆ ತಲೆಯಾಡಿಸುತ್ತಾರೋ ಹಾಗೆ ತಲೆಯಾಡಿಸಿದೆ.

ಒಂದು ಪಟ್ಟಿ ನಮ್ಮ ಮನೆಯವರಿಗೆ. ಹೆಸರು ಗುರುಸಿದ್ಧ, ಟೇಲರ್. ಇನ್ನೊಂದು ಬೆಳಗಾವಿಯ ಹಾಸ್ಟೆಲಿನಲ್ಲಿದ್ದು ಓದುತ್ತಿರುವ ಮಗಳು ಸ್ಫೂರ್ತಿಗೆ. ಮೂರನೆಯದು ಯಾರಿಗೆ ಎನ್ನುವಾಗ ನನ್ನ ಮೈದುನ ಮೃತ್ಯುಂಜಯ ಮುಂದೆ ಬಂದ. ಮನೆ ಪಾಲಾದಾಗ ಹಿತ್ತಲಿನ ಬೇವಿನ ಮರಕ್ಕಾಗಿ ಅಣ್ಣತಮ್ಮಂದಿರು ಮಾತು ಬಿಟ್ಟು ಕುಳಿತಿದ್ದರು. “ವೈನಿ, ಬೇವಿನ ಗಿಡ ಅಣ್ಣನ ಇಟ್ಟಗೊಳ್ಳಲಿ. ಇದರಾಗ ನನ್ನ ಪಾಲು ಮಾತ್ರ ನಾ ಬಿಡಾಂವಲ್ಲ,” ಎಂದು ತಾನೇ ಪಟ್ಟಿ ಕಟ್ಟಿಕೊಂಡ. ನಮ್ಮ ಮನೆಯವರು ಗೋಡೆಯ ಕಡೆ ತಿರುಗಿ ಕನ್ನಡಕ ಒರೆಸಿಕೊಂಡರು.

ಆಗ ಅತ್ತೆಯೂ ಬಳೆ ಹಿಂದೆ ಸರಿಸಿ ಕೈ ಚಾಚಿದರು.

“ಎಪ್ಪತ್ತು ದಾಟಿದವರಿಗೆ ಇಲ್ರೀ, ಆಯಿ,” ಎಂದಳು ನುಸ್ರತ್.

“ಯಾಕಿಲ್ಲ? ಎಲ್ಲಾರಿಗೂ ಐತಿ, ನನಗಷ್ಟ ಇಲ್ಲ? ನಾ ಏನ್ ಹಾದಿ ಮ್ಯಾಲಿನಾಕಿ ಏನು?”

ಎಷ್ಟು ತಿಳಿಹೇಳಿದರೂ ಕೇಳಲಿಲ್ಲ. ಗದಗ ಮುಟ್ಟುವವರೆಗೂ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು.

ಮೊದಲ ಕೀಮೋ ಆದ ಮೇಲೆ ನಮ್ಮ ಮನೆಯಲ್ಲಿ ನಡೆದದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ. ಮೃತ್ಯುಂಜಯನದು ಬಸ್‌ಸ್ಟ್ಯಾಂಡಿನ ಎದುರು ಮಿರ್ಚಿ ಬಜಿ ಅಂಗಡಿ. ಕಾದ ಎಣ್ಣೆಯ ವಾಸನೆ ಮೂಗಿಗೆ ಬಡಿದದ್ದೇ ಕೈಯಲ್ಲಿದ್ದ ಜಾಲರಿ ಸೌಟು ಬಿಟ್ಟು ಗಟಾರಕ್ಕೆ ಓಡಿದನಂತೆ. “ಮಾಡಾಂವನ ವಾಂತಿ ಮಾಡಾಕತ್ತಾನ, ನಾವೇನ್ ತಿನ್ನೂದಪಾ?” ಎಂದು ಗಿರಾಕಿಗಳು ಎದ್ದರೆ ಇವನು ಬಾಯಿ ಒರೆಸಿಕೊಳ್ಳುತ್ತ, “ಕೂಡ್ರಿ ಕೂಡ್ರಿ, ಇದು ನಮ್ಮ ವೈನಿ ವಾಂತಿ ಐತ್ರಿ. ಬಜಿ ಭಾಳ ಛಲೋ ಅದಾವು,” ಎಂದನಂತೆ. ನಮ್ಮ ಮನೆಯವರಿಗೆ ಬೆರಳ ತುದಿ ಜುಮುಗುಟ್ಟಿ ಸೂಜಿಗೆ ದಾರ ಪೋಣಿಸಲಾಗದೆ, ಯಾರದೋ ಮದುವೆಯ ಅಂಗಿಗೆ ಎರಡೂ ಎಡತೋಳು ಹಚ್ಚಿಟ್ಟರು. ಮಗಳ ಫೋನು ಬೇರೆ: “ಅವ್ವಾ, ಕ್ಲಾಸಿನಾಗ ಕಣ್ಣ ಮುಚ್ಚಾಕತ್ತಾವು. ಸ್ವಲ್ಪ ಗಟ್ಟಿ ಚಹಾ ಕುಡೀವಾ.”

ನನಗೆ ಉಳಿದ ಕಾಲು ಪಾಲು ಸುಳ್ಳೇನಲ್ಲ. ಬಾಯಿ ಕಹಿ, ಕಾಲು ಭಾರ, ಬೆಳಿಗ್ಗೆ ಎದ್ದರೆ ಹೊಟ್ಟೆ ಬಾಯಿಗೆ ಬರುವುದು. ಆದರೂ ಕಾಲು ಪಾಲು ಇಷ್ಟಿದ್ದರೆ ಇಡಿಯಾಗಿ ಎಷ್ಟಿತ್ತೋ ಎಂದು ನೆನೆದು, ನನ್ನ ಮಂದಿಯ ಮೇಲೆ ಎಲ್ಲಿಲ್ಲದ ಪ್ರೀತಿ ಬರುತ್ತಿತ್ತು. ಬಾಯಿಬಿಟ್ಟು ಹೇಳುವುದು ಮಾತ್ರ ನನ್ನಿಂದಾಗದು. ಹೇಗಿದ್ದೀ ಎಂದು ಯಾರು ಕೇಳಿದರೂ “ನನಗೇನ್ ಆಗೇತಿ ಧಾಡಿ?” ಎಂಬುದೇ ನನ್ನ ಉತ್ತರ.

ಮೂರನೆಯ ಕೀಮೋದ ಹೊತ್ತಿಗೆ ತಲೆ ಬೋಳಾಗಿತ್ತು. ಒಂದು ಮಧ್ಯಾಹ್ನ ಹಿತ್ತಲ ಬಚ್ಚಲಲ್ಲಿ ಬಗ್ಗಿ ನಿಂತು ತಿಂದದ್ದನ್ನೆಲ್ಲ ಕಕ್ಕಿ, ಮುಖ ತೊಳೆದು ತಿರುಗಿದರೆ ಬಾಗಿಲಲ್ಲಿ ಅತ್ತೆ. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಸೀರೆಯ ಸೆರಗನ್ನು ಎರಡೂ ಕೈಯಿಂದ ಹಿಡಿದು ನನ್ನ ಮುಂದೆ ಒಡ್ಡಿದರು.

ನಮ್ಮ ಕಡೆ ಹೆಣ್ಣುಮಕ್ಕಳಿಗೆ ಉಡಿ ತುಂಬುವುದೆಂದರೆ ಏನೆಂದು ಹೇಳಬೇಕಿಲ್ಲ. ಹಿರಿಯರು ತುಂಬುತ್ತಾರೆ, ಕಿರಿಯರು ಒಡ್ಡುತ್ತಾರೆ. ಹಿರಿಯಳೊಬ್ಬಳು ಸೊಸೆಯ ಮುಂದೆ ತಾನೇ ಉಡಿ ಒಡ್ಡಿದ್ದನ್ನು ನಾನು ಕಂಡಿರಲಿಲ್ಲ, ಕೇಳಿರಲೂ ಇಲ್ಲ. ಹಾಗೆ ಒಡ್ಡಿದ ಉಡಿಯನ್ನು ಬರಿದಾಗಿ ಕಳಿಸಿದ ಮನೆ ಉದ್ಧಾರವಾಗುವುದಿಲ್ಲ ಎನ್ನುತ್ತಾರೆ.

“ಅತ್ತಿ, ಏನಿದು! ಬ್ಯಾಡ್ರಿ, ಡಾಕ್ಟರ್ ಬೈತಾರ.”

“ನೀ ಈ ಮನಿಗೆ ಬಂದಾಗ ನಿನ್ನ ಉಡಿ ತುಂಬಿದಾಕಿ ನಾ. ಇವತ್ತ ನಾ ಬೇಡಾಕತ್ತೇನಿ. ಅವರೆಲ್ಲಾರೂ ನಿನ್ನ ಸಂಕಟ ಉಣ್ಣೂ ಮುಂದ ನಾ ಹೊರಸಿನ ಮ್ಯಾಲೆ ಕುಂತು ನೋಡಬೇಕನ? ಹಾಕು.”

ಏನು ಮಾಡಲಿ? ಒಳಗಿನಿಂದ ಒಂದು ಹಿಡಿ ಅಕ್ಕಿ ತಂದು ಸೆರಗಿಗೆ ಹಾಕಿ, ಅದರ ಮೇಲೆ ನಾಲ್ಕನೆಯ ಪಟ್ಟಿಯನ್ನು ಬಿಚ್ಚಿ ಇಟ್ಟೆ. ಅವರು ಅದನ್ನು ಕಣ್ಣಿಗೊತ್ತಿಕೊಂಡು ಬಳೆಗಳ ನಡುವೆ ಕಟ್ಟಿಕೊಂಡರು. ಮರುಕ್ಷಣ ಅವರ ಮುಖ ಹುಳ್ಳಗಾಯಿತು. “ಇಷ್ಟನ?” ಎಂದು ನಕ್ಕು, ಬಚ್ಚಲಿಗೆ ನಡೆದರು.

ನನಗಂತೂ ಮೈಮೇಲಿನ ಮೂಟೆ ಇಳಿದಂತಾಯಿತು. ಅಂದು ರಾತ್ರಿ ಬಿಸಿ ರೊಟ್ಟಿಗೆ ಕೆಂಪು ಖಾರ, ಬೆಣ್ಣೆ ಹಚ್ಚಿಕೊಂಡು ಹೊಟ್ಟೆ ತುಂಬ ಉಂಡೆ. ನಮ್ಮ ಮನೆಯವರು ಬಾಯಿ ತೆರೆದು ನೋಡಿದರು. ಬೆಳಿಗ್ಗೆ ಓಣಿಯ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಸೀಟಿ ಊದಿ ಕವಾಯತು ಮಾಡಿಸಿದೆ. ಅತ್ತೆ ಹೊರಸಿನ ಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತು, ಕೇಳಿದವರಿಗೆಲ್ಲ “ಗ್ಯಾಸ್ ಆಗೇತಿ” ಎನ್ನುತ್ತಿದ್ದರು. ವಿಷಯ ನಮ್ಮಿಬ್ಬರಿಗೇ ಗೊತ್ತು. ಆಸ್ಪತ್ರೆಗೆ ಹೋಗುವ ದಿನ ಪಟ್ಟಿ ನನ್ನ ಕೈಗೆ ಬರುತ್ತಿತ್ತು, ಮನೆಗೆ ಬಂದದ್ದೇ ಮತ್ತೆ ಅವರ ಕೈಗೆ. ಇಪ್ಪತ್ತೆರಡು ವರ್ಷದಲ್ಲಿ ನಾವು ಅತ್ತೆ-ಸೊಸೆ ಕೂಡಿ ಮಾಡಿದ ಮೊದಲ ಕಳ್ಳತನ ಅದು, ಇಬ್ಬರಿಗೂ ಬಲು ಖುಷಿ.

ಹಂಚಿಕೆ ಕೋಣೆಯಲ್ಲಿ ನುಸ್ರತ್ ಒಮ್ಮೆ ನನ್ನ ಪಟ್ಟಿ ಬರೆದಿಟ್ಟ ನಾಡಿಯ ಗೆರೆಯನ್ನು ನೋಡಿ ಹುಬ್ಬು ಗಂಟಿಕ್ಕಿದಳು. “ಅಕ್ಕೋರ, ನಿಮ್ಮ ನಾಡಿ ಯಾಕೋ ನಮ್ಮ ಅಜ್ಜಿಯಂಗ ಬಡೀತೈತಲ್ರೀ? ನಸುಕಿನ್ಯಾಗ ಏಳತೀರಿ, ಮಧ್ಯಾಹ್ನ ಎರಡು ತಾಸು ಗಡದ್ದಾಗಿ ಮಲಗತೀರಿ.”

“ವಯಸ್ಸಾತಲ್ಲ ತಂಗಿ,” ಎಂದೆ. ಅವಳು ನಂಬಿದಳೋ ಇಲ್ಲವೋ, ನಕ್ಕು ಮುಂದಿನ ಪರದೆಗೆ ತಿರುಗಿದಳು.

ಐದನೆಯ ಕೀಮೋ ಮುಗಿಯಿತು. ವಾಂತಿ, ಸುಸ್ತು ಎಲ್ಲ ಎಂದಿನಂತೆ ವಾರದಲ್ಲಿ ಇಳಿದವು. ಇನ್ನೊಂದೇ ಉಳಿಯಿತು ಎಂಬ ಸಂತೋಷಕ್ಕೆ ಮೃತ್ಯುಂಜಯ ಒಂದು ಸಂಜೆ ಬುಟ್ಟಿ ತುಂಬ ಬಜಿ ತಂದ. ನನಗೆ ಹೊರಗಿನ ತಿನಿಸು ಮುಟ್ಟುವಂತಿಲ್ಲ. ಉಳಿದವರು ಚೆನ್ನಾಗಿ ಹೊಡೆದರು.

ಮರುದಿನ ಬೆಳಿಗ್ಗೆ ಅತ್ತೆ ಏಳಲಿಲ್ಲ. ಹೋಗಿ ನೋಡಿದರೆ ಎರಡು ಕೌದಿ ಹೊದ್ದು ಗಡಗಡ ನಡುಗುತ್ತಿದ್ದಾರೆ, ಬಲಗಡೆಯ ಕಿಬ್ಬೊಟ್ಟೆಯನ್ನು ಒತ್ತಿ ಹಿಡಿದಿದ್ದಾರೆ. ನಮ್ಮ ಮನೆಯವರೂ ಹೊಟ್ಟೆ ಹಿಡಿದುಕೊಂಡೇ ಬಂದರು. “ನನಗೂ ಬಲಕ್ಕ ಹಿಡದಂಗ ಆಗೇತಿ. ನಿನಗೇನಾರ ಆಗಾಕತ್ತೈತೇನು?”

“ನನಗೇನ್ ಆಗೇತಿ ಧಾಡಿ?” ಎಂದೆ. ನಿಜಕ್ಕೂ ನನಗೆ ಏನೂ ಆಗಿರಲಿಲ್ಲ.

ಅಷ್ಟರಲ್ಲಿ ಮೃತ್ಯುಂಜಯನೂ ಸೊಂಟ ಬಗ್ಗಿಸಿಕೊಂಡು ಬಂದ. ಸರಿ, ಎಲ್ಲ ತಿಳಿಯಿತಲ್ಲ! ಬಜಿ ತಿಂದವರಿಗೆಲ್ಲ ಹೊಟ್ಟೆನೋವು, ತಿನ್ನದ ನಾನೊಬ್ಬಳು ಗಟ್ಟಿಮುಟ್ಟು. “ಎಂಥಾ ಎಣ್ಣಿ ಹಾಕಿದ್ಯೋ ಮಾರಾಯಾ! ನಿಮ್ಮವ್ವನ್ನ ಕೊಲ್ಲಾಕ ಬಂದೀಯೇನು?” ಎಂದು ಅವನ ಜನ್ಮ ಜಾಲಾಡಿದೆ. ಪಾಪ, ಅವನು ತಲೆತಗ್ಗಿಸಿ ಕೇಳಿಸಿಕೊಂಡ. ನಮ್ಮ ಮನೆಯವರು ತಾಯಿಯ ಕಂಕುಳಿಗೆ ಥರ್ಮಾಮೀಟರ್ ಇಟ್ಟು ನೋಡಿ, “ಜ್ವರ ಇಲ್ಲ. ಮತ್ಯಾಕ ಹಿಂಗ ನಡಗತಾಳ?” ಎಂದರು.

ಅದೇ ಹೊತ್ತಿಗೆ ಸ್ಫೂರ್ತಿಯ ಫೋನು. “ಅವ್ವಾ, ಬಲಕ್ಕ ಹೊಟ್ಟಿ ನೋಯಾಕತ್ತೈತಿ, ಚಳಿನೂ ಬರಾಕತ್ತೈತಿ. ನೀ ಆರಾಮ ಇದ್ದೀಯಲ್ಲ?”

ಆರಾಮಿದ್ದೇನೆ ಎಂದು ಫೋನಿಟ್ಟೆ. ಇಟ್ಟ ಮೇಲೆ ಏನೋ ಚುಚ್ಚಿತು. ಬೆಳಗಾವಿಯಲ್ಲಿರುವ ಹುಡುಗಿಗೆ ಗದಗಿನ ಬಜಿ ಎಲ್ಲಿ ಸಿಕ್ಕಿತು? ಯೋಚಿಸುತ್ತಲೇ ಅತ್ತೆಯ ಪಕ್ಕ ಕೂತು ಅವರ ಹಣೆಯ ಮೇಲೆ ಅಂಗೈ ಇಟ್ಟೆ. ಹಣೆ ತಣ್ಣಗಿತ್ತು. ಅತ್ತೆ ಬೆಚ್ಚಿ ಕಣ್ಣು ಬಿಟ್ಟರು.

“ಯವ್ವಾ! ನಿನ್ನ ಕೈಯಿ ಹಂಚು ಕಾದಂಗ ಕಾದೈತಲ್ಲ, ವಿಶಾಲೀ!”

ನಾನು ಥರ್ಮಾಮೀಟರನ್ನು ನನ್ನ ಬಾಯಿಗೆ ಇಟ್ಟುಕೊಂಡೆ. ನೂರಾ ಮೂರು.

ನಮ್ಮ ಮನೆಯವರ ಕಣ್ಣು ನನ್ನ ಬರಿಗೈಗೆ ಹೋಯಿತು, ಅಲ್ಲಿಂದ ತಾಯಿಯ ಬಳೆಗಳ ನಡುವಿನ ಪಟ್ಟಿಗೆ. ಜ್ವರ ನನ್ನದು. ಚಳಿ ನನ್ನದು, ನೋವು ನನ್ನದು. ಮನೆಮಂದಿಯೆಲ್ಲ ಅದನ್ನು ಉಣ್ಣುತ್ತಿದ್ದರು, ನನಗೊಬ್ಬಳಿಗೆ ಸುದ್ದಿಯೇ ಇರಲಿಲ್ಲ. ಆಸ್ಪತ್ರೆಗೆ ಫೋನು ಮಾಡಿದರೆ ನುಸ್ರತ್ ಒಂದೇ ಮಾತು ಹೇಳಿದಳು: “ಅಕ್ಕೋರ, ಈಗಿಂದೀಗ ಹೊರಡ್ರಿ.”

ಮೃತ್ಯುಂಜಯ ಅಂಗಡಿಗೆ ಸಾಮಾನು ತರುವ ಟೆಂಪೋದಲ್ಲೇ ಹುಬ್ಬಳ್ಳಿಗೆ ಹೊರಟೆವು. ಮೂರು ಜನ ಹೊಟ್ಟೆ ಹಿಡಿದು ನರಳುತ್ತಿದ್ದರು, ಸಾಯುವ ಸ್ಥಿತಿಯಲ್ಲಿದ್ದ ನಾನು ನೆಟ್ಟಗೆ ಕೂತು “ಜ್ವಾಕಿ, ಎದುರಿಗೆ ಲಾರಿ” ಎನ್ನುತ್ತಿದ್ದೆ. ಹೆದರಿಕೆಯಾಯಿತು. ನೋವಿಲ್ಲ ಎಂಬುದಕ್ಕೇ ಹೆದರಿಕೆಯಾದದ್ದು ನನಗೆ ಅದೇ ಮೊದಲು.

ಡಾಕ್ಟರ್ ಇಟಗಿಯವರು ಬೈಯಲಿಲ್ಲ, ಬೈಯುವಷ್ಟು ವ್ಯವಧಾನವಿರಲಿಲ್ಲ. ರಕ್ತದಲ್ಲಿ ಬಿಳಿ ಕಣಗಳು ನೆಲ ಕಚ್ಚಿದ್ದವು. ಬಲಗಡೆಯ ಕರುಳಿಗೆ ನಂಜು ಹತ್ತಿತ್ತು. “ಕರುಳು ಒಡದಿದ್ರ ಈಗಿಂದೀಗ ಕೊಯ್ಯಬೇಕು. ಬಿಳಿ ಕಣ ಇಲ್ಲದ ಮೈ ಕೊಯ್ದ್ರ ಉಳಿಯೂದು ಕಷ್ಟ. ಒಡದಿಲ್ಲಂದ್ರ ಕೊಯ್ಯಬಾರದು, ಔಷಧದಾಗ ವಾಸಿ ಆಗತೈತಿ. ಸ್ಕ್ಯಾನಿನಾಗ ಸ್ಪಷ್ಟ ಕಾಣವಲ್ದು. ಹೊಟ್ಟಿ ಒತ್ತಿ ನೋಡಬೇಕು.”

ನನ್ನನ್ನು ಮಲಗಿಸಿ ಕಿಬ್ಬೊಟ್ಟೆಯ ಮೇಲೆ ಬೆರಳೂರಿದರು. ಪಕ್ಕದ ಕುರ್ಚಿಯಲ್ಲಿ ಅತ್ತೆ “ಅಯ್ಯ ಶಿವನ!” ಎಂದು ಚೀರಿದರು. ಬಾಗಿಲ ಹತ್ತಿರ ನಮ್ಮ ಮನೆಯವರು ಗೋಡೆ ಹಿಡಿದರು. ಹೊರಗೆ ಮೃತ್ಯುಂಜಯ “ಅಪ್ಪಾ!” ಎಂದದ್ದು ಕೇಳಿಸಿತು. ನಾನು ಸುಮ್ಮನೆ ಚಾವಣಿ ನೋಡುತ್ತ ಮಲಗಿದ್ದೆ.

ಡಾಕ್ಟರ್ ಕೈ ತೆಗೆದರು. “ಹಿಂಗ ಹರಕು ಮುರಕಾದ್ರ ನನಗ ತಿಳಿಯೂದಿಲ್ಲ. ಪೂರಾ ನೋವು ಈಕಿಗೇ ಬರಬೇಕು. ಎಲ್ಲಾರೂ ಪಟ್ಟಿ ಬಿಚ್ಚಿ ಈಕಿ ಕೈಗೆ ಕಟ್ರಿ.”

“ನಾ ಬಿಚ್ಚೂದಿಲ್ಲ,” ಎಂದರು ಅತ್ತೆ. “ಆಕಿ ಹೊಟ್ಟಿ ಒತ್ರಿ, ಎಲ್ಲಿ ನೋವು ಅಂತ ನಾ ಹೇಳತೇನಿ. ಕಾಲು ಪಾಲಿಗೆ ನನ್ನ ಜೀವ ಹೋಗಾಕತ್ತೈತಿ. ಇಡೀದು ಆ ಹುಡಿಗಿ ಹೆಂಗ ತಡಕೋತಾಳ? ಬೇಕಾದ್ರ ಅವರದೂ ನನಗ ಕೊಡ್ರಿ.”

ಬೈದು, ಗದರಿಸಿ ಕಸಿದುಕೊಳ್ಳಬಹುದಿತ್ತು. ಆದರೆ ಈ ಮುದುಕಿಯಿಂದ ಏನನ್ನಾದರೂ ಇಸಿದುಕೊಳ್ಳಲು ಇರುವುದು ಒಂದೇ ದಾರಿ. ಎದ್ದು ಕೂತೆ. ಆಸ್ಪತ್ರೆಯ ಅಂಗಿಗೆ ಸೆರಗೆಲ್ಲಿಂದ ಬರಬೇಕು? ಹೊದ್ದಿದ್ದ ಚಾದರದ ಅಂಚನ್ನೇ ಎರಡೂ ಕೈಯಿಂದ ಹಿಡಿದು ಅವರ ಮುಂದೆ ಒಡ್ಡಿದೆ.

“ಅತ್ತಿ, ನಾ ಉಡಿ ಒಡ್ಡೇನಿ. ನನ್ನ ನೋವು ನನಗ ಹಾಕ್ರಿ.”

ಅವರು ನನ್ನ ಮುಖ ನೋಡಿದರು, ಚಾದರ ನೋಡಿದರು. ಕಣ್ಣೀರು ಬಳಬಳ ಇಳಿಯಿತು. ಬಳೆ ಸರಿಸಿ ಪಟ್ಟಿ ಬಿಚ್ಚಿ, ಕಣ್ಣಿಗೊತ್ತಿಕೊಂಡು ನನ್ನ ಉಡಿಗೆ ಹಾಕಿದರು. ನಮ್ಮ ಮನೆಯವರೂ ಹಾಕಿದರು. ಮೃತ್ಯುಂಜಯ ಒಳಗೆ ಬಂದು “ವೈನಿ, ತಪ್ಪು ತಿಳೀಬ್ಯಾಡ್ರಿ” ಎನ್ನುತ್ತ ತನ್ನದನ್ನೂ ಹಾಕಿದ. ಮಗಳ ಗೆರೆಯನ್ನು ನುಸ್ರತ್ ಕೆಳಗಿನ ಕೋಣೆಯಿಂದಲೇ ನನ್ನ ಕಡೆ ತಿರುಗಿಸಿದಳು.

ಪಟ್ಟಿಗಳನ್ನು ಕೈಗೆ ಕಟ್ಟಿಕೊಂಡೆ. ನೋವು ಬಂತು.

ಅದನ್ನು ಹೇಗೆ ಹೇಳಲಿ? ಹೆರಿಗೆ ನೆನಪಾಯಿತು, ಅದು ಇದರ ಮುಂದೆ ಏನೂ ಅಲ್ಲ. ಹಲ್ಲು ಕಟಕಟಿಸುವ ಚಳಿ, ಬಲಗಡೆ ಕತ್ತಿ ಆಡಿಸಿದಂಥ ನೋವು. ಇದನ್ನು ನನ್ನ ಮಂದಿ ಬೆಳಗಿನಿಂದ ಹಂಚಿಕೊಂಡು, ನನ್ನಿಂದ ಬಜಿಗಾಗಿ ಬೈಸಿಕೊಂಡು ಸುಮ್ಮನಿದ್ದರಲ್ಲ ಎಂದು ಅಳು ಬಂತು.

ಡಾಕ್ಟರ್ ಮತ್ತೆ ಬೆರಳೂರಿದರು. “ಹೇಳ್ರಿ. ಒತ್ತಿದಾಗ ಹೆಚ್ಚೋ, ಕೈ ಬಿಟ್ಟಾಗ ಹೆಚ್ಚೋ? ಧೈರ್ಯಕ್ಕಂತ ಸುಳ್ಳು ಹೇಳಬ್ಯಾಡ್ರಿ. ಬಿಟ್ಟಾಗ ಹೆಚ್ಚಂದ್ರ ಒಡದಿರಬಹುದು.”

“ಒತ್ತಿದಾಗ,” ಎಂದೆ. “ಒತ್ತಿದಾಗ ಜೀವಾ ಹೋದಂಗ ಆಗತೈತ್ರಿ. ಬಿಟ್ಟ್ರ... ಬಿಟ್ಟ್ರ ಇಳೀತೈತಿ.”

ಮತ್ತೆ ಒತ್ತಿ, ಬಿಟ್ಟು ನೋಡಿದರು. ಅದೇ ಉತ್ತರ. ಡಾಕ್ಟರ್ ದೊಡ್ಡ ಉಸಿರು ಬಿಟ್ಟರು. “ಕೊಯ್ಯೂದು ಬ್ಯಾಡ. ಒಡದಿಲ್ಲ. ಔಷಧ ಹಚ್ಚೂನು.”

ನಾಲ್ಕು ದಿನ ಪಟ್ಟಿಗಳನ್ನು ಯಾರ ಕೈಗೂ ಕೊಡಲಿಲ್ಲ. ನೋವು ಏರಿದರೆ ಕೂಡಲೇ ತಿಳಿಯಬೇಕು, ಅದಕ್ಕೆ ಎಲ್ಲವೂ ನನ್ನಲ್ಲೇ ಇರಬೇಕೆಂದು ಡಾಕ್ಟರ ಅಪ್ಪಣೆ. ಅತ್ತೆ ಮಂಚದ ಪಕ್ಕದ ಕುರ್ಚಿ ಬಿಟ್ಟು ಏಳಲಿಲ್ಲ. ಅವರ ಮಣಿಕಟ್ಟಿನಲ್ಲಿ ಪಟ್ಟಿ ಇದ್ದ ಜಾಗ ಬೆಳ್ಳಗೆ ಕಾಣುತ್ತಿತ್ತು. ಅದನ್ನು ಹೆಬ್ಬೆರಳಿನಿಂದ ತಿಕ್ಕುತ್ತ ನನ್ನ ಮುಖವನ್ನೇ ನೋಡುತ್ತಿದ್ದರು.

“ಈಗ ಹೆಂಗೈತಿ?”

“ನನಗೇನ್ ಆಗೇತಿ ಧಾ...” ಎನ್ನಹೋದೆ.

“ಅದನ್ನ ಬಿಡು,” ಎಂದರು. “ನನ್ನ ಕೈಯಾಗ ಪಟ್ಟಿ ಇದ್ದಾಗ ನೀ ಸುಳ್ಳು ಹೇಳಿದ್ರೂ ನಡೀತಿತ್ತು, ನನಗ ಗೊತ್ತಾಗತಿತ್ತು. ಈಗ ಏನೂ ಗೊತ್ತಾಗವಲ್ದು. ಬಾಯಿ ಬಿಟ್ಟು ಹೇಳು, ನನ್ನವ್ವ.”

ನಾನು ಅವರ ಕೈ ಹಿಡಿದುಕೊಂಡೆ.

“ಭಾಳ ನೋಯಾಕತ್ತೈತಿ, ಅತ್ತಿ,” ಎಂದೆ. “ಭಾಳ ಅಂದ್ರ ಭಾಳ.”

“ಹೂಂ,” ಎಂದು ಅವರು ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡರು. “ಎಲ್ಲಿ, ಹೆಂಗ, ಎಲ್ಲಾ ಹೇಳು.”

ಹೇಳತೊಡಗಿದೆ.